ಸಿಮ್ರನಳ ಒಂದು ಮಧ್ಯಾಹ್ನದ ನಿದ್ದೆ

ರಸೂಲಸಾಬ ನದಾಫನಿಗೆ ಸೊಸೆಯ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಖಾನಾಪುರದಲ್ಲಿ ಸ್ಟೇಶನ್ ರಸ್ತೆಯ ಅವನ ಗಾದಿ ಅಂಗಡಿಗೆ ಹೋಗಿ ಕುಳಿತರೆ ಸಾಕು, ಅರಳೆ ಹಿಂಜುವ ಮಶೀನು ನಿಂತಾಗೆಲ್ಲ ಅದೇ ಮಾತು.

"ಮನಿ ಹುಡುಗಿ ಮನಿಗೇ ಬರಬೇಕು ಅಂತ ಮಾಡಿದ್ನಿ. ಇಕಿ ಒಂದ ಗುಟಕಿನಾಗ ಎಲ್ಲಾ ಕೆಡಿಸಿ ಕುಂತಳು."

ಆ ಗುಟುಕನ್ನು ಕೊಡು ಎಂದವರು ಯಾರು ಎಂದು ಅವನಿಗೆ ಹೇಳಿದ್ದಾರೆ. ಅವನು ನಂಬುವುದಿಲ್ಲ. ನಂಬಿಸಲು ಹೋದವಳು ಅವನ ಮಗಳು ಸಿಮ್ರನ. ಅವಳ ಸಂಗತಿಯನ್ನೇ ಇಲ್ಲಿ ಹೇಳುವುದು.

ಸಿಮ್ರನ ಇರುವುದು ಬೆಳಗಾವಿಯ ಮಹಾಂತೇಶ ನಗರದಲ್ಲಿ, ರಾಧಾಬಾಯಿ ಎಂಬ ಮುದುಕಿಯ ಮನೆಯ ಮಾಳಿಗೆಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಗಂಡ ಆರಿಫ ನೆಹರು ನಗರದ ಆಸ್ಪತ್ರೆಯೊಂದರಲ್ಲಿ ಅಂಬುಲೆನ್ಸ್ ಓಡಿಸುತ್ತಾನೆ. ಹೆಚ್ಚಾಗಿ ರಾತ್ರಿ ಪಾಳಿ. ಬೆಳಗ್ಗೆ ಬಂದು, ಚಹಾ ಕುಡಿದು, ಮಲಗಿದನೆಂದರೆ ಮಧ್ಯಾಹ್ನದವರೆಗೆ ಮನೆಯಲ್ಲಿ ಸದ್ದಾಗಬಾರದು. ಮಗಳು ಇನಾಯಾ ಅಳಬಾರದು. ಐದು ತಿಂಗಳ ಕೂಸಿಗೆ ಇದನ್ನು ಯಾರು ತಿಳಿಸಿ ಹೇಳಬೇಕು? ಹಾಗಾಗಿ ಸಿಮ್ರನ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಬಂದು ಕೂರುತ್ತಾಳೆ. ಬಿಸಿಲು ಮೆಟ್ಟಿಲಿಗೆ ಬಂದರೆ ಕೆಳಗಿನ ಪೇರಲ ಗಿಡದ ನೆರಳಿಗೆ ಹೋಗುತ್ತಾಳೆ. ನೆರಳು ಸರಿದರೆ ಅವಳೂ ಸರಿಯುತ್ತಾಳೆ.

ಎಳೆಗೂಸಿನ ತಾಯಿ ಮನೆಯಲ್ಲಿ ಆರಾಮವಾಗಿ ಕುಳಿತಿರುತ್ತಾಳೆ ಎನ್ನುವವರು ಈ ಕೆಲಸವನ್ನು ಒಂದೇ ಒಂದು ದಿನ ಮಾಡಿ ನೋಡಬೇಕು. ಹಮಾಲಿ ಮಾಡುವವನೂ ಮೂಟೆ ಇಳಿಸಿದ ಮೇಲೆ ಬೀಡಿ ಸೇದುತ್ತಾನೆ. ಈ ಮೂಟೆಯನ್ನು ಇಳಿಸಲು ಬರುವುದಿಲ್ಲ. ಹೆಗಲ ಮೇಲೆ ಗೊರಕೆ ಹೊಡೆಯುತ್ತಿದ್ದ ಕೂಸು ಗಾದಿಗೆ ಬೆನ್ನು ತಾಗಿದ ಕೂಡಲೇ ಕಣ್ಣು ತೆರೆದು, ಎಲ್ಲಿಗೆ ಹೊರಟಿದ್ದೆ ಎನ್ನುವ ಹಾಗೆ ನೋಡುತ್ತದೆ. ಗಾದಿ ಹೊಲಿದವನು ಸ್ವಂತ ಅಜ್ಜ. ಗಿಳಿಯ ಚಿತ್ರದ ಬಟ್ಟೆ, ಒಳಗೆ ಬೂರುಗದ ಅರಳೆ, ತಲೆಯ ಕೆಳಗೆ ಸಾಸಿವೆ ತುಂಬಿದ ದಿಂಬು. ಊರಿಗೆಲ್ಲ ಹಾಸಿಗೆ ಮಾಡಿಕೊಡುವ ಮನೆಯ ಹುಡುಗಿಗೆ ಒಂದು ತಾಸು ಬೆನ್ನು ಹಾಸುವ ಯೋಗವಿಲ್ಲ.

ಅವಳ ದಿನದಲ್ಲಿ ಯಾವುದೂ ಪೂರ್ತಿಯಾಗುವುದಿಲ್ಲ. ಚಪಾತಿ ಅರ್ಧ ಲಟ್ಟಿಸಿದಲ್ಲೇ ಒಣಗುತ್ತದೆ. ಚಹಾದ ಮೇಲೆ ಕೆನೆ ಕಟ್ಟುತ್ತದೆ. ಅದನ್ನು ಮತ್ತೆ ಕಾಯಿಸುತ್ತಾಳೆ, ಮತ್ತೆ ಕಟ್ಟುತ್ತದೆ. ಕುಕ್ಕರ್ ಸೀಟಿ ಹೊಡೆದರೆ ಇಬ್ಬರೂ ಏಳುತ್ತಾರೆಂದು ಬೇಳೆಯನ್ನು ಬೋಗುಣಿಯಲ್ಲೇ ಕುದಿಸುತ್ತಾಳೆ. ತಲೆ ಬಾಚಲು ಕುಳಿತವಳು ಒಂದು ಕಡೆ ಬಾಚಿ ಎದ್ದಿರುತ್ತಾಳೆ. ಸಂಜೆ ಕನ್ನಡಿ ನೋಡಿದಾಗ ಇನ್ನೊಂದು ಕಡೆ ನೆನಪಾಗುತ್ತದೆ.

ಕೂಸಿನ ಮೇಲೆ ಪ್ರೀತಿ ಇಲ್ಲವೇ? ಇದೆ. ಆದರೆ ಮದುವೆ ಮನೆಯ ಬಿರಿಯಾನಿಯ ಹಾಗೆ ಪಾತ್ರೆ ತುಂಬ ಬರುವುದಿಲ್ಲ, ಚಿಮುಟಿ ಚಿಮುಟಿ ಬರುತ್ತದೆ. ಕಿವಿಯ ಹಿಂದಿನ ಹಾಲಿನ ವಾಸನೆ. ಕುಡಿಯುತ್ತ ಕುಡಿಯುತ್ತ ಅವಳ ಕುಪ್ಪಸದ ಗುಂಡಿಯನ್ನು ತಿರುವುವ ಬೆರಳು. ಉಳಿದ ಹೊತ್ತೆಲ್ಲ ಅವಳಿಗೆ ಬೇಕಾದದ್ದು ನಿದ್ದೆ ಒಂದೇ. ಹೊಟ್ಟೆಯ ಹಸಿವು ಅವಳಿಗೆ ಗೊತ್ತಿತ್ತು. ನಿದ್ದೆಗೂ ಹಸಿವಿದೆ, ಅದು ಎಲುಬಿನಲ್ಲಿ ಕೂತಿರುತ್ತದೆ ಎಂದು ಈ ಕೂಸು ಬಂದ ಮೇಲೆ ಗೊತ್ತಾಯಿತು.

ಒಂದು ದಿನ ಪೇರಲ ಗಿಡದ ಕೆಳಗೆ ನಿಂತಿದ್ದಾಗ ರಾಧಾಬಾಯಿ ಶೇಂಗಾ ಆರಿಸುತ್ತ ಕೇಳಿದಳು.

"ಏನವಾ ಸಿಮ್ರನ, ಮುಖ ಯಾಕ ಹಂಗ ಮಾಡಿ? ಒಂದ ಕೂಸಿಗೇ ಹಿಂಗಾದ್ರ ಹ್ಯಾಂಗ? ನಾವು ಐದ ಹಡದೇವಿ."

"ಐದೂ ನೀವೇ ಎತಗೊಂಡೀರೇನ್ರಿ ಬಾಯಾರ?"

ರಾಧಾಬಾಯಿ ಮೊರ ಬದಿಗಿಟ್ಟು ಬೆರಳು ಮಡಚಿ ಲೆಕ್ಕ ಹಾಕಿದಳು. "ಹಂಗೇನಿಲ್ಲ. ನಮ್ಮ ಅತ್ತಿ ಇದ್ರು. ಅಕ್ಕ ಇದ್ಲು. ಕಡೀದು ಹುಟ್ಟಿದಾಗ ದೊಡ್ಡ ಮಗಳೇ ಎತಗೋತಿದ್ಲು."

"ಮತ್ತ ಹಡದಷ್ಟ ಹೇಳಬ್ಯಾಡ್ರಿ. ಎತ್ತಿದ್ದನ್ನೂ ಹೇಳ್ರಿ."

"ನಿನ್ನ ಬಾಯಿ ಮಾತ್ರ ಬಾಡಿಲ್ಲ ನೋಡು," ಎಂದು ಮುದುಕಿ ನಕ್ಕಳು. ಆದರೆ ಕೂಸನ್ನು ಕೊಡು ಎನ್ನಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದಳು.

ಕೂಸನ್ನು ಕೊಡು ಎಂದವಳು ಈ ಲೋಕದಲ್ಲಿ ಒಬ್ಬಳೇ. ಅಣ್ಣ ಶಾನವಾಜನ ಹೆಂಡತಿ, ಭಾಬಿ ಮಹೇಕ. ಅವಳ ಋಣ ಸಿಮ್ರನಳ ಮೇಲೆ ಇನ್ನೂ ಉಳಿದಿತ್ತು.

ಸಿಮ್ರನ ಹೆರಿಗೆಗೆ ತವರಿಗೆ ಹೋದಾಗ ಅಲ್ಲಿ ತಾಯಿ ಇರಲಿಲ್ಲ. ತಾಯಿ ಜೈತುನಬಿ ಇವಳು ಹೈಸ್ಕೂಲಿನಲ್ಲಿದ್ದಾಗಲೇ ಹೋಗಿದ್ದಳು. ಬಾಣಂತನ ಮಾಡಿದವಳು ಮಹೇಕ. ಅವಳಾದರೂ ಹಸಿ ಮೈಯವಳೇ. ಅವಳ ಮಗ ರೇಹಾನ ಇನಾಯಾಳಿಗಿಂತ ಎರಡು ತಿಂಗಳಿಗೆ ದೊಡ್ಡವನು. ತನ್ನ ಕೂಸನ್ನು ಒಂದು ತೊಡೆಯ ಮೇಲೆ, ನಾದಿನಿಯ ಕೂಸನ್ನು ಇನ್ನೊಂದು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ನೀರು ಹಾಕಿದಳು. ಅಳವಿ ಪಾಯಸ ಕಾಸಿದಳು, ಅಂಟಿನ ಉಂಡಿ ಕಟ್ಟಿದಳು. ಅವಳಿಗೆ ಯಾರು ಕಟ್ಟಿಕೊಟ್ಟಿದ್ದರು ಎಂದು ಕೇಳುವ ಬುದ್ಧಿ ಆಗ ಸಿಮ್ರನಳಿಗೆ ಬರಲಿಲ್ಲ.

ರಸೂಲಸಾಬ ಮಾತ್ರ ಹಬ್ಬದ ಸಡಗರದಲ್ಲಿದ್ದ. ಮೊಮ್ಮಗಳು ಹುಟ್ಟಿದ ದಿನವೇ ಒಂದೇ ತಾನಿನ ಬಟ್ಟೆ ತಂದು ಎರಡು ಸಣ್ಣ ಗಾದಿ ಹೊಲಿದ, ಒಂದು ಮೊಮ್ಮಗನಿಗೆ, ಒಂದು ಮೊಮ್ಮಗಳಿಗೆ. ಪೇಢೆ ಹಂಚುತ್ತ ಗಿರಾಕಿಗಳ ಮುಂದೆ ಹೇಳಿಯೂ ಬಿಟ್ಟ: "ಇವು ಎರಡೂ ಗಾದಿ ಮುಂದ ಒಂದಾಗಬೇಕು. ಹೆಂಡ್ತಿ ಹೋದ್ಲು, ಮಗಳನ್ನ ಕೊಟ್ಟೆ, ಮನಿ ಬಿಕೋ ಅನ್ನಾಕತ್ತೇತಿ. ಮಗಳ ಮಗಳು ತಿರಗಿ ಈ ಮನಿಗೇ ಬರಬೇಕು." ಕೂಸಿಗೆ ಇನ್ನೂ ಕುತ್ತಿಗೆ ನಿಂತಿರಲಿಲ್ಲ, ಅದರ ನಿಕಾಹ್ ಗೊತ್ತಾಗಿತ್ತು. ಇಂಥ ಹುಚ್ಚು ಮಾತಿಗೆ ಅಲ್ಲೇ ಬಾಯಿ ಮುಚ್ಚಿಸಬೇಕಿತ್ತು. ಸಿಮ್ರನ ಸುಮ್ಮನಿದ್ದಳು. ಅಪ್ಪ ಬಹಳ ದಿನದ ಮೇಲೆ ನಗುತ್ತಿದ್ದಾನೆ, ನಗಲಿ, ಮಕ್ಕಳು ದೊಡ್ಡವರಾದ ಮೇಲೆ ಇದನ್ನೆಲ್ಲ ಯಾರು ಕೇಳುತ್ತಾರೆ ಎಂದುಕೊಂಡಳು.

ಆದರೆ ಅವರ ಜನರಲ್ಲಿ ಒಂದು ಕಟ್ಟಳೆ ಇದೆ. ಒಬ್ಬಳ ಎದೆಹಾಲು ಕುಡಿದ ಕೂಸುಗಳು, ಯಾರ ಹೊಟ್ಟೆಯಲ್ಲೇ ಹುಟ್ಟಿರಲಿ, ಅಣ್ಣತಂಗಿಯರು. ಅವರಿಗೆ ನಿಕಾಹ್ ಆಗುವುದಿಲ್ಲ. ಒಂದು ಗುಟುಕಾದರೂ ಹಾಲು ಹಾಲೇ. ಅದಕ್ಕೇ ರಸೂಲಸಾಬ ಇಬ್ಬರಿಗೂ ತಾಕೀತು ಮಾಡಿದ್ದ: "ಯಾರ ಕೂಸಿಗೆ ಅವರ ಕೊಡ್ರಿ. ಅದಲಿಬದಲಿ ಮಾಡೀರಿ ಮತ್ತ."

ಎರಡನೇ ತಿಂಗಳಲ್ಲಿ ಸಿಮ್ರನಳಿಗೆ ಹಾಲು ಕಟ್ಟಿ, ಎದೆ ಗಟ್ಟಿಯಾಗಿ ಜ್ವರ ಬಂತು. ಕೂಸು ಬಾಯಿ ಹಾಕುವುದು, ಬಿಡುವುದು, ಚೀರುವುದು. ನಸುಕಿನಿಂದ ಮಧ್ಯಾಹ್ನದವರೆಗೆ ಅದೇ ಆಯಿತು. ಹೊರಗೆ ಮನೆಗೆ ತಾಗಿದ ಅಂಗಡಿಯಲ್ಲಿ ಮಶೀನು ಗರಗರ ಅನ್ನುತ್ತಿತ್ತು. ಡಬ್ಬಿ ಹಾಲು ತರಲು ಹೋದ ಶಾನವಾಜ ಇನ್ನೂ ಬಂದಿರಲಿಲ್ಲ. ಮಹೇಕ ಒದ್ದೆ ಬಟ್ಟೆ ಕಾಸಿ ಇವಳ ಎದೆಗೆ ಒತ್ತುತ್ತಿದ್ದಳು. ಆಗ ಸಿಮ್ರನಳ ಬಾಯಿಂದ ಆ ಮಾತು ಬಂತು.

"ಭಾಬಿ, ನೀನ ಕುಡಿಸಿಬಿಡು."

"ಹುಚ್ಚೇನ ನಿನಗ? ಮಾಮಾ ಏನಂದಾರ ಗೊತ್ತಿಲ್ಲೇನ?"

"ಯಾರರ ಏನರ ಅನ್ಲಿ. ಈ ಕೂಸು ನನಗ ಬ್ಯಾಡಾಗೇತಿ. ಒಯ್ಯಿ ಇದನ್ನ. ನನಗ ಮಲಗಾಕ ಬಿಡು."

ಮಹೇಕ ಅವಳ ಮುಖವನ್ನೊಮ್ಮೆ ನೋಡಿದಳು. ಕೂಸನ್ನು ತೆಗೆದುಕೊಂಡು ಆಚೆ ಗೋಡೆಗೆ ಒರಗಿ ಕುಳಿತಳು. ಅಳು ನಿಂತಿತು. ಗುಟಕ್ ಗುಟಕ್ ಎಂದು ನುಂಗುವ ಸದ್ದು ಕೇಳಿಸಿತು. ಸಿಮ್ರನಳಿಗೆ ಅಷ್ಟೇ ನೆನಪು. ಆಮೇಲೆ ಅವಳು ಬಾವಿಗೆ ಬಿದ್ದ ಹಾಗೆ ನಿದ್ದೆಗೆ ಬಿದ್ದಳು. ಅಂಥ ನಿದ್ದೆ ಅದಕ್ಕೂ ಮೊದಲು ಬಂದಿರಲಿಲ್ಲ. ಕನಸಿಲ್ಲ, ಕೂಸಿಲ್ಲ, ತಾನೂ ಇಲ್ಲ.

ಎಚ್ಚರವಾದದ್ದು ಅಪ್ಪನ ದನಿಗೆ. ಚಹಾ ಕೇಳಲು ಒಳಗೆ ಬಂದವನು ಸೊಸೆಯ ಸೆರಗಿನ ಕೆಳಗೆ ಗುಲಾಬಿ ಟೋಪಿ ಕಂಡಿದ್ದ. ರೇಹಾನನದು ನೀಲಿ ಟೋಪಿ.

"ಯಾರ ಹೇಳಿದ್ರು ನಿನಗ ಇದನ್ನ ಮಾಡು ಅಂತ?"

ಪರದೆಯ ಈಚೆ ಸಿಮ್ರನಳಿಗೆ ಎಲ್ಲ ಕೇಳುತ್ತಿತ್ತು. ಎದ್ದು ಹೋಗಬೇಕಿತ್ತು. ನಾನು ಹೇಳಿದೆ ಎಂಬ ಎರಡು ಶಬ್ದದ ಮಾತು. ಅವಳು ಚಾದರವನ್ನು ಮೇಲಕ್ಕೆಳೆದುಕೊಂಡಳು. ಎದ್ದರೆ ಕೂಸು ಮತ್ತೆ ತನ್ನ ಕೈಗೆ ಬರುತ್ತದೆ ಎಂಬುದೂ ಮನಸ್ಸಿನ ಮೂಲೆಯಲ್ಲಿತ್ತು.

"ಯಾರೂ ಹೇಳಿಲ್ರಿ ಮಾಮಾ," ಎಂದಳು ಮಹೇಕ. "ಕೂಸು ಹಸದಿತ್ತು. ಕೊಟ್ಟೆ."

ರಸೂಲಸಾಬ ಅಂದು ಆಡಿದ ಮಾತುಗಳನ್ನು ಬರೆಯುವುದು ಬೇಡ. ಮಸೀದಿಯಲ್ಲಿ ಹಿರಿಯರನ್ನು ಕೇಳಿಬಂದ. ಆಗಿಹೋಯಿತು, ಇನ್ನು ಅವರು ಅಣ್ಣತಂಗಿಯರು ಎಂದರು. ಅಂದಿನಿಂದ ಸೊಸೆಯ ಜೊತೆ ಮಾತು ಬಂದ್. ಏನಾದರೂ ಬೇಕಾದರೆ ಎಳೆಗೂಸು ರೇಹಾನನ ಮುಂದೆ ಹೇಳುತ್ತಿದ್ದ. "ರೇಹಾನಸಾಬ, ನಿಮ್ಮವ್ವಗ ಹೇಳ್ರಿ, ಸಾರಿಗೆ ಉಪ್ಪ ಹೆಚ್ಚಾಗೇತಿ." ಕೂಸು ಬಾಯಿಂದ ಗುಳ್ಳೆ ಬಿಡುತ್ತಿತ್ತು. ಮಹೇಕ ಉಪ್ಪು ಕಡಿಮೆ ಮಾಡುತ್ತಿದ್ದಳು. ಕೇಳಿದವರಿಗೆ ನಗು ಬರಬಹುದು. ತಿಂಗಳುಗಟ್ಟಲೆ ಒಂದೇ ಸೂರಿನ ಕೆಳಗೆ ಹೀಗೆ ಬಾಳುವವಳಿಗೆ ನಗು ಬರುವುದಿಲ್ಲ.

ಸಿಮ್ರನ ಜ್ವರ ಇಳಿದ ಮೇಲೆ ಬೆಳಗಾವಿಗೆ ಬಂದುಬಿಟ್ಟಳು. ಫೋನಿನಲ್ಲಿ ಮಹೇಕ ಯಾವತ್ತೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಸಿಮ್ರನಳಿಗೆ ಹಗುರವಾಗುತ್ತಿತ್ತೇನೋ. ಇವಳು ಮಲಗಿಸುವ, ಆಡಿಸುವ, ತೊಳೆಯುವ ಗದ್ದಲದಲ್ಲಿ ನಾಳೆ ಹೇಳೋಣ, ಬರುವ ವಾರ ಹೇಳೋಣ ಎಂದು ದಿನ ತಳ್ಳಿದಳು. ಮೆಟ್ಟಿಲ ಮೇಲೆ ಕುಳಿತಾಗ ಮಾತ್ರ ತನ್ನ ಬಾಯಿಂದ ಬಂದ ಇನ್ನೊಂದು ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು: ಈ ಕೂಸು ನನಗ ಬ್ಯಾಡಾಗೇತಿ. ಅದನ್ನು ಕೇಳಿದವಳು ಮಹೇಕ ಒಬ್ಬಳೇ. ಅವಳು ಅದನ್ನೂ ಯಾರಿಗೂ ಹೇಳಿರಲಿಲ್ಲ.

ಕೊನೆಗೆ ಒಂದು ಬೆಳಗ್ಗೆ ಮಹೇಕಳ ಫೋನು ಬಂತು.

"ಸಿಮ್ಮು, ನಾ ನಂದಗಡಕ್ಕ ನಮ್ಮವ್ವನ ಮನಿಗೆ ಹೊಂಟೇನಿ. ರೇಹಾನನ್ನ ಕರಕೊಂಡು."

"ಯಾವಾಗ ಬರತಿ ತಿರಗಿ?"

"ಬರೂದು ಗೊತ್ತಿಲ್ಲ. ಗ್ವಾಡಿ ಕೂಡ ಎಷ್ಟ ದಿನ ಸಂಸಾರ ಮಾಡ್ಲಿ? ನಿಮ್ಮಣ್ಣ ಅಂತೂ ಅಪ್ಪನ ಮುಂದ ಬಾಯಿ ತಗಿಯೂದಿಲ್ಲ."

"ಇವತ್ತ ಹೋಗಬ್ಯಾಡ. ನಾ ಬರತೇನಿ."

"ನೀ ಬಂದ ಏನ ಮಾಡ್ತಿ?"

ಸಿಮ್ರನ ಫೋನು ಇಟ್ಟಳು. ಆರಿಫ ಆಗ ತಾನೇ ಬಂದು ಮಲಗಿದ್ದ. ಅವನ ತಲೆಯ ಹತ್ತಿರ ಚಪಾತಿ ಮುಚ್ಚಿಟ್ಟು, ಕೂಸನ್ನು ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಹೆಂಗಸರಿಗೆ ಟಿಕೆಟ್ ಇಲ್ಲ, ಬಸ್ಸು ತುಂಬಿ ತುಳುಕುತ್ತಿತ್ತು. ಆಧಾರ್ ಕಾರ್ಡು ತೆಗೆಯಲು ಒಂದು ಕೈ, ಕೂಸಿಗೆ ಒಂದು ಕೈ, ಹಿಡಿದುಕೊಳ್ಳಲು ಮೂರನೆಯ ಕೈ ಎಲ್ಲಿಂದ ತರಬೇಕು? ಕಂಡಕ್ಟರ್ ಅವಳನ್ನು ನೋಡಿ ಮುಂದಿನ ಸೀಟಿನ ಹುಡುಗನನ್ನು ಎಬ್ಬಿಸಿದ. "ಕುಂದರ್ರಿ ಯವ್ವಾ. ಕಾರ್ಡ ಆಮ್ಯಾಲ ತೋರಸ್ರಿ." ಅಷ್ಟು ಮಾತಿಗೇ ಅವಳ ಕಣ್ಣು ತುಂಬಿತು. ದಣಿದವರ ಹಣೆಬರಹವೇ ಅದು, ಯಾರಾದರೂ ಮೆತ್ತಗೆ ಮಾತಾಡಿದರೆ ತಡೆಯುವುದಿಲ್ಲ.

ಕಿಟಕಿಗೆ ತಲೆ ಆನಿಸಿ ಅವಳು ತಾಯಿಯನ್ನು ನೆನೆದಳು. ಜೈತುನಬಿ ಕೊನೆಯ ದಿನ ಮಗನನ್ನೂ ಮಗಳನ್ನೂ ಹಾಸಿಗೆಯ ಹತ್ತಿರ ಕರೆದು, ತಲೆ ಮುಟ್ಟಿ, "ನನ್ನ ಹಾಲ ಮಾಫ್ ಮಾಡೇನಿ," ಎಂದಿದ್ದಳು. ಸಾಯುವ ತಾಯಿ ಮಕ್ಕಳು ಕುಡಿದ ಹಾಲಿನ ಋಣ ಬಿಟ್ಟುಕೊಡುವುದು ಅವರಲ್ಲಿ ನಡೆದುಬಂದ ರೀತಿ. ಅಣ್ಣ ಅತ್ತ. ಸಿಮ್ರನಳಿಗೆ ಅರ್ಥವಾಗಿರಲಿಲ್ಲ. ಹಾಲಿನಲ್ಲಿ ಮಾಫ್ ಮಾಡುವಂಥದ್ದೇನಿದೆ, ತಾಯಂದಿರು ಕೊಡುವುದೇ ಅಲ್ಲವೇ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಈಗ ಗೊತ್ತಾಗುತ್ತಿದೆ. ಅದು ಬರೀ ಹಾಲಲ್ಲ. ಆ ಹಾಲಿನ ಹಿಂದೆ ಆರಿದ ಚಹಾ ಇದೆ, ಅರ್ಧ ಬಾಚಿದ ತಲೆ ಇದೆ, ಬೇಡವಾಗಿದೆ ಎಂದ ಮಾತೂ ಇದ್ದೀತು. ಅಷ್ಟನ್ನೂ ಅವ್ವ ಒಂದೇ ಉಸಿರಿನಲ್ಲಿ ಬಿಟ್ಟುಕೊಟ್ಟಿದ್ದಳು.

ಅಂಗಡಿಯಲ್ಲಿ ರಸೂಲಸಾಬ ಒಬ್ಬನೇ ಇದ್ದ. ಒಂದು ದೊಡ್ಡ ಗಾದಿಯ ಮೇಲೆಯೇ ಕುಳಿತು ದಬ್ಬಣದಿಂದ ಅಂಚು ಹೊಲಿಯುತ್ತಿದ್ದ. ಮಗಳನ್ನು ಕಂಡು ಮುಖ ಅರಳಿತು.

"ಬಾ ಬಾ ಬೇಟಾ. ಹೇಳದ ಕೇಳದ ಬಂದಿ? ತಾ ಇಲ್ಲೆ ನನ್ನ ಬಂಗಾರದ ಗಟ್ಟೀನ."

ಸಿಮ್ರನ ಕೂಸನ್ನು ಅವನ ತೊಡೆಯ ಮೇಲಿಟ್ಟಳು. ಕೂತರೆ ಏಳುವುದಾಗುವುದಿಲ್ಲ ಎಂದು ನಿಂತೇ ಹೇಳಿದಳು.

"ಅಬ್ಬಾ, ಅವತ್ತ ಭಾಬಿಗೆ ಕುಡಿಸು ಅಂದಾಕಿ ನಾನ. ಅಕಿ ಒಲ್ಲೆ ಅಂದ್ಲು. ನಾನ ಬಿಡಲಿಲ್ಲ."

ದಬ್ಬಣ ನಿಲ್ಲಲಿಲ್ಲ. ಒಂದು ಹೊಲಿಗೆ ಎಳೆದು, ದಾರ ಜಗ್ಗಿ, ಮತ್ತೊಂದು ಚುಚ್ಚಿದ.

"ಯಾರ ಕಲಿಸಿ ಕಳಿಸ್ಯಾರ ನಿನಗ ಇದನ್ನ? ಅಕಿನ ಫೋನ್ ಹಚ್ಚಿರಬೇಕು."

"ಯಾರೂ ಕಲಿಸಿಲ್ರಿ. ನಾ ಖರೇನ ಹೇಳಾಕತ್ತೇನಿ. ನನಗ ನಿದ್ದಿ ಬೇಕಾಗಿತ್ತು."

"ನಿದ್ದಿ?" ರಸೂಲಸಾಬ ಈಗ ತಲೆ ಎತ್ತಿದ. "ಹಸದ ಕೂಸನ್ನ ಬ್ಯಾರೆದಾಕಿ ಕೈಯಾಗ ಕೊಟ್ಟ ಮಲಗಾಕಿ ಅಲ್ಲ ನೀ. ಜೈತುನಬಿ ಮಗಳ ನೀ. ಜ್ವರದಾಗ ಬಿದ್ದಾಗೂ ನಿಮ್ಮವ್ವ ನಿನ್ನ ಕೆಳಗ ಇಡಲಿಲ್ಲ. ಒಂದಿನ ನಿದ್ದಿ ಬಂದೈತಿ ಅನ್ಲಿಲ್ಲ."

"ಬಂದಿರತೈತ್ರಿ ಅಬ್ಬಾ. ನೀವು ಕೇಳಿರಾಕಿಲ್ಲ."

ಕೂಸು ರಸೂಲಸಾಬನ ಗಡ್ಡ ಹಿಡಿದು ಜಗ್ಗಿತು. ಅದನ್ನು ಬಿಡಿಸಿಕೊಂಡ.

"ನೀ ಭಾಳ ಭೋಳೆ ಅದಿ," ಎಂದ ಕಡೆಗೆ. "ಅಕಿನ್ನ ಉಳಸಾಕ ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತಿ. ನಾ ನಂಬಾಂವಲ್ಲ." ಕೂಸನ್ನು ಮಗಳ ಕೈಗೆ ಕೊಟ್ಟು, ಎದ್ದು ಹೋಗಿ ಮಶೀನು ಚಾಲೂ ಮಾಡಿದ. ಆ ಗದ್ದಲದಲ್ಲಿ ಇನ್ನು ಯಾರು ಏನು ಹೇಳಿದರೂ ಕೇಳುವಂತಿರಲಿಲ್ಲ. ಅದಕ್ಕೇ ಚಾಲೂ ಮಾಡಿದ್ದು. ಖರೇ ಮಾತನ್ನು ಬಾಗಿಲ ತನಕ ತಂದು ಕೊಟ್ಟರೂ ತೆಗೆದುಕೊಳ್ಳದ ಗಂಡಸರಿಗೆ ಏನು ಮಾಡಬೇಕು ಎಂದು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಪರದೆ ಸರಿಸಿ ಒಳಗೆ ಹೋದರೆ ಮಹೇಕ ಅಲ್ಲೇ ನಿಂತಿದ್ದಳು. ಟ್ರಂಕಿನ ಮೇಲೆ ಕಟ್ಟಿದ ಚೀಲವಿತ್ತು. ಗಿಳಿಯ ಗಾದಿಯ ಮೇಲೆ ರೇಹಾನ ಬೋರಲು ಬಿದ್ದು ತನ್ನ ಕೈಯನ್ನೇ ನೋಡುತ್ತಿದ್ದ.

"ಹೇಳೀನಿ ಭಾಬಿ. ನಂಬಲಿಲ್ಲ."

"ಕೇಳೀನಿ. ಇಲ್ಲೇ ನಿಂತಿದ್ನಿ."

"ತಡಾ ಮಾಡಿದೆ. ಅವತ್ತ ಏಳಬೇಕಾಗಿತ್ತು."

"ಅವತ್ತ ಎದ್ದಿದ್ರ ನಾನ ನಿನ್ನ ಹೊಡೀತಿದ್ನಿ," ಎಂದಳು ಮಹೇಕ. "ಅಷ್ಟ ಜೀವಾ ತೇದ ಮಲಗಿಸಿದ್ನಿ." ಚೀಲದ ಗಂಟು ಬಿಚ್ಚಿ ರೇಹಾನನ ಅಂಗಿಗಳನ್ನು ಒಂದೊಂದಾಗಿ ತೆಗೆದು ಗೋಡೆಯ ಮಾಡದಲ್ಲಿ ಇಡತೊಡಗಿದಳು.

"ಹೋಗೂದಿಲ್ಲೇನ ನಂದಗಡಕ್ಕ?"

"ಮುದುಕಗ ಯಾರರ ಒಬ್ರು ಹೇಳ್ಲಿ ಅಂತಿತ್ತು ಅಷ್ಟ. ಹೇಳಿದಿ. ನಂಬೂದು ಬಿಡೂದು ಅವರ ಕರ್ಮ. ನಾ ಹ್ವಾದ್ರ ಉಪ್ಪ ಯಾರ ಕಡಿಮಿ ಮಾಡತಾರು?"

ಇನಾಯಾ ಅಷ್ಟರಲ್ಲಿ ಅಳಲು ಶುರು ಮಾಡಿತ್ತು. ಬಸ್ಸಿನಲ್ಲಿ ಕುಡಿಸಲು ಆಗಿರಲಿಲ್ಲ. ಸಿಮ್ರನ ಗುಂಡಿ ಬಿಚ್ಚುತ್ತ ಗೋಡೆಗೆ ಒರಗಿದಳು. ಕಣ್ಣು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಆದರೂ ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತನ್ನು ಆಡಿಬಿಡಬೇಕಿತ್ತು.

"ಭಾಬಿ, ಇಕಿ ಕುಡದದ್ದ ನಿನ್ನ ಹಾಲ ಮಾಫ್ ಮಾಡು."

ಮಹೇಕ ಅಂಗಿ ಮಡಚುವುದನ್ನು ಬಿಟ್ಟು ಅವಳ ಕಡೆ ನೋಡಿದಳು.

"ಸಾಯೂಮುಂದ ಮಾಡೂದದು. ನಾ ಈಗೇನ ಸಾಯಾಕ ಕುಂತೀನೇನ?"

"ಹಂಗಲ್ಲ ಭಾಬಿ—"

"ತಾ ಇಲ್ಲೆ ಕೂಸನ್ನ. ಆಗೂದು ಆಗಿಹೋಗೇತಿ. ಒಂದ ಸಲ ಕುಡದ್ರೂ ಅಷ್ಟ, ಹತ್ತ ಸಲ ಕುಡದ್ರೂ ಅಷ್ಟ. ನೀ ಮಲ್ಕೊ."

ಇಲ್ಲ ಎನ್ನಬೇಕೆಂದು ಸಿಮ್ರನ ಬಂದಿದ್ದಳು. ಈ ಸಲ ತಾನೇ ಕುಡಿಸಿ, ರೇಹಾನನನ್ನೂ ಎತ್ತಿಕೊಂಡು, ಭಾಬಿಗೆ ಒಂದು ತಾಸು ಕಾಲು ಚಾಚಿ ಮಲಗು ಎನ್ನಬೇಕೆಂದು ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದಳು. ಕೈಯಿಂದ ಕೂಸು ಹೋದದ್ದು ಗೊತ್ತಾಯಿತು. ಅಳು ನಿಂತದ್ದು ಗೊತ್ತಾಯಿತು. ಪಕ್ಕದ ಗಿಳಿಯ ಗಾದಿಯ ಅಂಚಿಗೆ ತಲೆ ಇಟ್ಟಳು. ಹೊರಗೆ ಮಶೀನು ಗರಗರ ಅನ್ನುತ್ತಲೇ ಇತ್ತು.

ಎದ್ದಾಗ ಬಿಸಿಲು ಹೊಸ್ತಿಲು ದಾಟಿತ್ತು. ಬೆಳಗಾವಿ ಬಸ್ಸಿಗೆ ಹೊತ್ತಾಗಿತ್ತು. ಎರಡೂ ಕೂಸುಗಳು ಮುಖ ತೊಳೆಸಿಕೊಂಡು, ಕಾಡಿಗೆ ಹಚ್ಚಿಸಿಕೊಂಡು ಆಡುತ್ತಿದ್ದವು. ಮಹೇಕಳ ಕಣ್ಣು ನಿದ್ದೆಯಿಲ್ಲದೆ ಕೆಂಪಗಿದ್ದವು, ಅವಳ ತಲೆ ಒಂದು ಕಡೆ ಮಾತ್ರ ಬಾಚಿತ್ತು. ಸಿಮ್ರನ ಅದನ್ನು ನೋಡಿದಳು. ಕೂಸನ್ನು ಕಟ್ಟಿಕೊಂಡಳು. ಹಾಲನ್ನು ಮಾಫ್ ಮಾಡಿದೆ ಎಂದು ಮಹೇಕ ಹೇಳಲಿಲ್ಲ, ಇವಳು ಮತ್ತೆ ಕೇಳಲೂ ಇಲ್ಲ.